ಸಹಾಯ ಬೇಕು: ಕಣ್ಣು ಕಾಣದ ವಿದ್ಯಾರ್ಥಿನಿಗೆ ಗಣಿತ ಪುಸ್ತಕ ಓದಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ತರಗತಿಯಲ್ಲಿ ಪೂರ್ತಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಾಳೆ, ತುಂಬಾ ಚುರುಕು. ಲ್ಯಾಪ್‌ಟಾಪ್‌ಗೆ ಎನ್‌ವಿಡಿಎ ಹಾಕಿಕೊಟ್ಟಿದ್ದೇನೆ, ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಕಥೆ, ಪಾಠಗಳನ್ನೆಲ್ಲ ನನಗೆ ಒಂದು ಪದವೂ ತಿಳಿಯದಷ್ಟು ವೇಗದಲ್ಲಿ ಕೇಳಿ ಮುಗಿಸುತ್ತಾಳೆ!

ಕಷ್ಟ ಇರುವುದು ಗಣಿತದಲ್ಲಿ. ನಮ್ಮ ಪುಸ್ತಕದ ಪಿಡಿಎಫ್ ಸ್ಕ್ಯಾನ್ ಮಾಡಿದ್ದು, ಅಂದರೆ ಪುಟ ಪೂರ್ತಿ ಸುಮ್ನೆ ಚಿತ್ರ, ಹಾಗಾಗಿ ಸ್ಕ್ರೀನ್ ರೀಡರ್ ಏನೂ ಓದುವುದಿಲ್ಲ. ಓಸಿಆರ್ ಮಾಡಿದೆ, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿ ಬದಲಿಸಿದೆ. ಮಾತುಗಳು ಪರವಾಗಿಲ್ಲ, ಆದರೆ ಮೊನ್ನೆ 3/4 ಅನ್ನುವುದು 34 ಆಗಿ, ಪಾಪ, ಅವಳು ಅರ್ಧ ಗಂಟೆ ಅದನ್ನೇ ಹಿಡಿದು ಲೆಕ್ಕ ಮಾಡಿದಳು. ನನಗೆ ತುಂಬಾ ಬೇಜಾರಾಯಿತು.

ಮ್ಯಾಥ್‌ಎಂಎಲ್‌ನಲ್ಲಿ (ಗಣಿತವನ್ನು ಕಂಪ್ಯೂಟರ್‌ಗೆ ತಿಳಿಯುವಂತೆ ಬರೆಯುವ ಸಂಕೇತ ಭಾಷೆ) ಬರೆದರೆ, ಎನ್‌ವಿಡಿಎಗೆ ಸೇರಿಸಿಕೊಳ್ಳುವ ಮ್ಯಾಥ್‌ಕ್ಯಾಟ್ ಆಡ್-ಆನ್ ಭಿನ್ನರಾಶಿಗಳನ್ನು ಸರಿಯಾಗಿ ಓದುತ್ತದೆ. ಆದರೆ ಇಡೀ ಪುಸ್ತಕ ಒಬ್ಬಳೇ ಟೈಪ್ ಮಾಡುವುದು ಆಗದ ಮಾತು. ಬೇಗ ಮಾಡುವ ದಾರಿ ಯಾರಿಗಾದರೂ ಗೊತ್ತಾ? ರೇಖಾಗಣಿತದ ಚಿತ್ರಗಳನ್ನು ಬೆರಳಿಗೆ ಸಿಗುವಂತೆ ಮಾಡಿದವರಿದ್ದರೂ ದಯವಿಟ್ಟು ತಿಳಿಸಿ.