ಹೊಸ ಆಯಿಲ್ ಫಿಲ್ಟರಿಗೆ ಮೊದಲೇ ಎಣ್ಣೆ ತುಂಬಬೇಕೇ? ಅಪ್ಪ ಮಾತು ಬಿಟ್ಟಿದ್ದಾರೆ

ಕೆಂಪು ಟ್ರ್ಯಾಕ್ಟರ್, ಬ್ಯಾಡಗಿ ಕಡೆ

ನನ್ನದು ಮೂರು ಸಿಲಿಂಡರಿನ 45 ಎಚ್‌ಪಿ ಟ್ರ್ಯಾಕ್ಟರ್, ಟರ್ಬೊ ಇಲ್ಲ. ಎಂಟು ವರ್ಷ ಹಳೆಯದು, ಮೀಟರಿನಲ್ಲಿ 4,100 ಗಂಟೆ ದಾಟಿದೆ. 250 ಗಂಟೆಗೊಮ್ಮೆ ಆಯಿಲನ್ನೂ ಫಿಲ್ಟರನ್ನೂ ನಾನೇ ಬದಲಿಸುತ್ತೇನೆ. ಹಿಂದೊಮ್ಮೆ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಹಳೆಯ ಫಿಲ್ಟರನ್ನೇ ಬಟ್ಟೆಯಿಂದ ಒರೆಸಿ ಹೊಳೆಯುವಂತೆ ಮಾಡಿ, ಹೊಸದರ ಬಿಲ್ ಕೊಟ್ಟಿದ್ದರು. ಅಂದಿನಿಂದ ಬೇರೆಯವರ ಕೈಗೆ ಕೊಟ್ಟಿಲ್ಲ.

ಅಪ್ಪ 22 ವರ್ಷ ಲಾರಿ ಓಡಿಸಿದವರು. ಹೊಸ ಫಿಲ್ಟರಿನಲ್ಲಿ ಕಂಠಮಟ್ಟ ಎಣ್ಣೆ ತುಂಬದೆ ಕೂರಿಸಿದರೆ ಅವರಿಗೆ ಊಟ ಸೇರುವುದಿಲ್ಲ. "ಮೇವು ಹಾಕದೆ ಎತ್ತಿನ ಹೆಗಲಿಗೆ ನೊಗ ಇಡುತ್ತೀಯೇನು?" ಎಂದು ಕೇಳುತ್ತಾರೆ. ಇಷ್ಟು ದಿನ ಹಾಗೆಯೇ ಮಾಡುತ್ತಾ ಬಂದೆ.

ಹೋದ ವಾರ ಬಿಡಿಭಾಗದ ಅಂಗಡಿಯಲ್ಲಿ ಫಿಲ್ಟರ್ ಕೊಳ್ಳುವಾಗ, ಡಿಪ್ಲೊಮಾ ಓದಿದ ಒಬ್ಬ ಹುಡುಗ ಬೇರೆಯದೇ ಹೇಳಿದ. ನಡುವಿನ ತೂತಿನಲ್ಲಿ ಹುಯ್ದ ಆಯಿಲ್ ಸೋಸದೆಯೇ ಬೇರಿಂಗಿಗೆ ಹೋಗುತ್ತದೆ, ತುಂಬಲೇಬೇಡಿ ಎಂದ. ಅದನ್ನು ನಾನು ಮನೆಯಲ್ಲಿ ಬಾಯಿಬಿಟ್ಟೆ. ಅಪ್ಪ ಎರಡು ದಿನದಿಂದ ನನ್ನೊಂದಿಗೆ ಮಾತನಾಡುತ್ತಿಲ್ಲ. ಹೇಳುವುದಿದ್ದರೆ ಅವ್ವನ ಮೂಲಕ ಹೇಳಿ ಕಳಿಸುತ್ತಾರೆ.

ನಮ್ಮ ಟ್ರ್ಯಾಕ್ಟರಿನಲ್ಲಿ ಫಿಲ್ಟರ್ ನೆಟ್ಟಗೆ, ಬಾಯಿ ಮೇಲಾಗಿ ಕೂರುತ್ತದೆ. ಸುಮಾರು ಅರ್ಧ ಲೀಟರ್ ಹಿಡಿಯುತ್ತದೆ. ಮೆಣಸಿನಕಾಯಿ ಸಾಗಿಸುವ ಹಂಗಾಮು ಬಂತು, ಈ ಭಾನುವಾರ ಬದಲಿಸಲೇಬೇಕು. ಅನುಭವ ಇದ್ದವರು ತಿಳಿಸಿ.

ಡಿಪೋ ನಿವೃತ್ತ

ತಮ್ಮಾ, 31 ವರ್ಷ ಬಸ್ಸಿನ ಅಡಿಯ ಗುಂಡಿಯಲ್ಲಿ ನಿಂತು ಕೆಲಸ ಮಾಡಿದವನು ನಾನು. ಹೊಸ ಫಿಲ್ಟರನ್ನು ಅಂಗೈಯಲ್ಲಿಟ್ಟು ಅದರ ಬಾಯಿಯನ್ನು ನೋಡು. ಅಂಚಿನ ಸುತ್ತ ಸಣ್ಣ ತೂತುಗಳ ಸಾಲು, ನಡುವೆ ಥ್ರೆಡ್ ಇರುವ ದೊಡ್ಡ ತೂತು. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನಿಂದ ಪಂಪ್ ಎಳೆದ ಆಯಿಲ್ ಸಣ್ಣ ತೂತುಗಳಲ್ಲಿ ಒಳಹೊಕ್ಕು, ಮಡಿಕೆ ಮಡಿಕೆಯ ಕಾಗದವನ್ನು ದಾಟಿ, ನಡುವಿನ ತೂತಿನಿಂದ ಹೊರಟು ಕ್ರ್ಯಾಂಕಿನ ಬೇರಿಂಗುಗಳಿಗೆ ಹೋಗುತ್ತದೆ. ನೀನು ನಡುವೆ ಹುಯ್ದದ್ದು ನೇರವಾಗಿ ಸೋಸಿದ ಕಡೆಗೇ ಬಿತ್ತು. ಅದರಲ್ಲಿ ಮರಳಿನ ಒಂದು ಕಣ ಇದ್ದರೂ ತಡೆಯುವವರಿಲ್ಲ. ಮೇಲಿನ ಮುಚ್ಚಳ ತೆಗೆದು ಎಂಜಿನ್ನಿಗೆ ಹುಯ್ಯುವ ಆಯಿಲ್‌ಗೆ ಈ ಚಿಂತೆ ಇಲ್ಲ. ಅದು ಚೇಂಬರಿಗೆ ಇಳಿದು, ಫಿಲ್ಟರ್ ದಾಟಿಯೇ ಬೇರಿಂಗಿನ ಮುಖ ನೋಡಬೇಕು. ಹುಡುಗ ಹೇಳಿದ್ದು ಸರಿಯೇ.

ಆದರೆ ಆಗಷ್ಟೇ ಸೀಲ್ ಒಡೆದ ಹೊಸ ಡಬ್ಬಿಯಲ್ಲಿ ಕಸ ಎಲ್ಲಿಂದ ಬರಬೇಕು? ನಾನು ಕಂಡಂತೆ ಕಸ ಬರುವುದು ಜಗ್ಗಿನಿಂದ. ಬಾಯಿ ತೆರೆದು ಮೂಲೆಯಲ್ಲಿಟ್ಟ ಜಗ್ಗು, ಅದನ್ನು ಒರೆಸಿದ ಎಳೆ ಬಿಟ್ಟ ಬಟ್ಟೆ, ಡಬ್ಬಿಯ ಬಾಯಿಯ ಬೆಳ್ಳಿ ಹಾಳೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿದಾಗ ಒಳಗೆ ಬಿದ್ದ ಚೂರು. ನಿಮ್ಮ ತಂದೆ ಯಾವುದರಿಂದ ಹುಯ್ಯುತ್ತಾರೆ ಎಂದು ಮೊದಲು ನೋಡು.

ಒಣ ಫಿಲ್ಟರ್ ಹಾಕಿದ ಕೂಡಲೇ ಎಂಜಿನ್ ಹಿಡಿದುಬಿಡುತ್ತದೆ ಎಂಬ ಹೆದರಿಕೆಯೂ ಬೇಡ. ಹಳೆಯ ಆಯಿಲಿನ ಪದರ ಬೇರಿಂಗಿಗೆ ಅಂಟಿಕೊಂಡಿರುತ್ತದೆ. ನಿನ್ನ ಪಂಪ್ ನಿಮಿಷಕ್ಕೆ ಹತ್ತು ಲೀಟರ್ ತಳ್ಳುತ್ತದೆ ಎಂದು ಹಿಡಿದರೆ ಅರ್ಧ ಲೀಟರಿಗೆ ಮೂರು ಸೆಕೆಂಡು. ಸೆಲ್ಫಿನಲ್ಲಿ ಎಂಜಿನ್ ನಿಧಾನ ತಿರುಗುವುದರಿಂದ ಇನ್ನೂ ಸ್ವಲ್ಪ ಹೆಚ್ಚು. ಆ ಹೊತ್ತಿನಲ್ಲಿ ಬೇರಿಂಗಿನ ಮೇಲೆ ಭಾರ ಬೀಳಬಾರದು, ಅಷ್ಟೇ. ಹಳೆಯ ಮಾದರಿಯ ಡೀಸೆಲ್ ಪಂಪ್ ಇರುವ ಎಂಜಿನ್ನಿಗೆ ದಾರಿ ಸುಲಭ. ಸ್ಟಾಪ್ ನಾಬ್ ಎಳೆದು ಹಿಡಿದು ಸೆಲ್ಫ್ ಹೊಡೆ. ಡೀಸೆಲ್ ಬಾರದೆ ಎಂಜಿನ್ ಬರಿದೇ ತಿರುಗುತ್ತದೆ. ಆಯಿಲ್ ದೀಪ ಆರುವವರೆಗೆ ತಿರುಗಿಸು. ಒಂದು ಸಲಕ್ಕೆ ಹತ್ತು ಸೆಕೆಂಡು ಮೀರಬೇಡ, ನಡುವೆ ಅರ್ಧ ನಿಮಿಷ ಸೆಲ್ಫಿಗೆ ವಿರಾಮ ಕೊಡು. ಆಮೇಲೆ ನಾಬ್ ಬಿಟ್ಟು ಚಾಲೂ ಮಾಡಿ, ರೇಸ್ ಕೊಡದೆ ಒಂದು ನಿಮಿಷ ಬಿಡು.

ಇನ್ನೊಂದು ಮಾತು. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ವಾಷರ್ ಜೊತೆಗೇ ಬಂದಿದೆಯೇ ಎಂದು ನೋಡು. ಫಿಲ್ಟರ್ ತುಂಬದೆ ಕೆಟ್ಟ ಎಂಜಿನ್ ನಾನು ಒಂದೂ ಕಂಡಿಲ್ಲ. ವಾಷರಿನ ಮೇಲೆ ವಾಷರ್ ಕೂತು, ದಾರಿಯಲ್ಲಿ ಆಯಿಲ್ ಎಲ್ಲ ಚೆಲ್ಲಿ ಸವೆದು ಬೋರಿಗೆ (ಪೂರ್ತಿ ಬಿಚ್ಚಿ ರಿಪೇರಿಗೆ) ಬಂದ ಎಂಜಿನ್ ಎರಡು ಕಂಡಿದ್ದೇನೆ.

ಕಲ್ಲು ಕ್ವಾರಿ

ಬಳ್ಳಾರಿ ಕಡೆ ಮಣ್ಣು ತೋಡುವ ದೊಡ್ಡ ಯಂತ್ರಗಳ ಜೊತೆ ನನ್ನ ಕೆಲಸ. ತಯಾರಕರೇ ಒಂದೇ ಮಾತಿನ ಮೇಲೆ ನಿಂತಿಲ್ಲ. ಕ್ಯಾಟರ್‌ಪಿಲ್ಲರ್ ಪುಸ್ತಕಗಳಲ್ಲಿ ಆಯಿಲ್ ಫಿಲ್ಟರನ್ನು ತುಂಬಿ ಕೂರಿಸಬೇಡಿ, ಆ ಆಯಿಲ್ ಸೋಸಿದ್ದಲ್ಲ ಎಂದೇ ಬರೆದಿದೆ. ಕಮ್ಮಿನ್ಸ್‌ನ ಹಲವು ಎಂಜಿನ್ನುಗಳ ಪುಸ್ತಕದಲ್ಲಿ ಶುದ್ಧ ಆಯಿಲ್ ತುಂಬಿ ಕೂರಿಸಿ ಎಂದಿದೆ. ನಮ್ಮಲ್ಲಿ ಎರಡೂ ಇವೆ, ಎರಡರ ಬಳಿಯೂ ಅದರದರ ಪುಸ್ತಕದಂತೆ ನಡೆಯುತ್ತೇವೆ. ನಿಮ್ಮ ಟ್ರ್ಯಾಕ್ಟರಿನ ಪುಸ್ತಕ ಕಪಾಟಿನಲ್ಲಿ ಇದ್ದೀತು, ಒಮ್ಮೆ ತೆಗೆದು ನೋಡಿ.

ಡೀಸೆಲ್ ಫಿಲ್ಟರಿಗೆ ಮಾತ್ರ ಈ ಚರ್ಚೆಯನ್ನು ಎಳೆದು ತರಬೇಡಿ. ಅತಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಸೋಸದ ಡೀಸೆಲ್ ನಡುವಿನ ತೂತಿಗೆ ಬಿದ್ದರೆ, ಅದನ್ನು ಚಿಮ್ಮಿಸುವ ಇಂಜೆಕ್ಟರಿಗೆ ಕುತ್ತು. ಇಂಜೆಕ್ಟರಿನ ಸಂದುಗಳು ಮೈಕ್ರಾನ್ ಲೆಕ್ಕದವು. ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ ಎಂದರೆ ಊಹಿಸಿಕೊಳ್ಳಿ. ಖಾಲಿ ಫಿಲ್ಟರ್ ಕೂರಿಸಿ, ಕೈ ಪಂಪಿನಿಂದ ಏರ್ ತೆಗೆಯಿರಿ. ಬೆರಳು ನೋಯುತ್ತದೆ, ನೋಯಲಿ.

ಬಿಳಿ ಕಾರು

ನನ್ನ ಕಾರಿನಲ್ಲಿ ಫಿಲ್ಟರ್ ಅಡ್ಡಲಾಗಿ ಮಲಗಿದೆ. ಒಂದು ಸಲ ತುಂಬಲು ಹೋಗಿ ಅರ್ಧ ಆಯಿಲ್ ತೋಳಿನೊಳಗೆ, ಉಳಿದರ್ಧ ಹೆಂಡತಿ ಅದೇ ಬೆಳಿಗ್ಗೆ ಬಿಡಿಸಿದ ರಂಗೋಲಿಯ ಮೇಲೆ. ಅಂದಿನಿಂದ ಖಾಲಿಯೇ ಹಾಕುತ್ತೇನೆ. ರಬ್ಬರಿಗೆ ಬೆರಳಿನಿಂದ ಸ್ವಲ್ಪ ಆಯಿಲ್ ಸವರುತ್ತೇನೆ. ಒಂದೂವರೆ ಲಕ್ಷ ಕಿಲೋಮೀಟರ್ ಆಗಿದೆ, ಎಂಜಿನ್ ಚೆನ್ನಾಗಿದೆ.

ಕೆಂಪು ಟ್ರ್ಯಾಕ್ಟರ್, ಬ್ಯಾಡಗಿ ಕಡೆ

ಭಾನುವಾರ ಕೆಲಸ ಮುಗಿಯಿತು. ಪುಸ್ತಕ ಸಿಕ್ಕಿತು, ಆದರೆ ಆ ಪುಟವನ್ನು ಇಲಿ ತಿಂದಿದೆ. ಸುಳ್ಳಲ್ಲ.

ಅಪ್ಪ ಎಣ್ಣೆ ಹುಯ್ಯುವ ಪಾತ್ರೆ ಹುಡುಕಿದೆ. ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದ್ದ ಹಿತ್ತಾಳೆಯ ತಂಬಿಗೆ. ತಳದಲ್ಲಿ ಬೆರಳಾಡಿಸಿದೆ. ಹೊಟ್ಟಿನ ದೂಳು, ಒಂದು ಒಣ ಜೇಡ, ಮೆಣಸಿನಕಾಯಿಯ ಎರಡು ಬೀಜ. ಕಾಕಾ, ನೀವು ಹೇಳಿದ್ದು ಅಕ್ಷರಶಃ ನಿಜ. ಅದನ್ನು ಅಪ್ಪನ ಮುಂದೆ ಇಟ್ಟೆ, ಏನೂ ಹೇಳಲಿಲ್ಲ. ಅವರೂ ಹೇಳಲಿಲ್ಲ. ಆದರೆ ಎದ್ದು ಟ್ರ್ಯಾಕ್ಟರ್ ಬಳಿಗೆ ಬಂದರು.

ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ಬಾಯಿಯಲ್ಲಿ ರಬ್ಬರ್ ಇರಲಿಲ್ಲ. ನನಗೆ ಅದು ಹೊಳೆಯಲೇ ಇಲ್ಲ, ಹೊಸದನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಅಪ್ಪ ಬಗ್ಗಿ ಎಂಜಿನ್ನಿನ ಕಡೆಯ ಅಂಚನ್ನು ಬೆರಳಿನಿಂದ ಸವರಿ, ಕಪ್ಪಗೆ ಅಂಟಿಕೊಂಡಿದ್ದ ಹಳೆಯ ವಾಷರನ್ನು ಉಗುರಿನಿಂದ ಎಬ್ಬಿಸಿ ನನ್ನ ಕೈಗೆ ಹಾಕಿದರು. ಬಹುಶಃ ಹೋದ ಸಲ ಪಾನಾ ಹಾಕಿ ಹೆಚ್ಚು ಬಿಗಿದಿದ್ದೆ. ಈ ಸಲ ರಬ್ಬರ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ತಿರುಗಿಸಿ ನಿಲ್ಲಿಸಿದೆ.

ಫಿಲ್ಟರನ್ನು ಖಾಲಿಯೇ ಕೂರಿಸಿದೆ. ನಾನು ಸ್ಟಾಪ್ ನಾಬ್ ಎಳೆದು ಸೆಲ್ಫ್ ಹೊಡೆದರೆ, ಅಪ್ಪ ಪಕ್ಕದಲ್ಲಿ ನಿಂತು ಚೀಲ ಎಣಿಸುವ ಹಾಗೆ "ಲಾಭ, ಎರಡು, ಮೂರು" ಎಂದು ಶುರು ಮಾಡಿದರು. ಏಳಕ್ಕೆ ದೀಪ ಆರಿತು. ಚಾಲೂ ಮಾಡಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಗೇಜ್ ಕಡ್ಡಿ ನೋಡಿದೆ. ಮಟ್ಟ ಇಳಿದಿತ್ತು, ಫಿಲ್ಟರ್ ಕುಡಿದ ಅರ್ಧ ಲೀಟರನ್ನು ಮೇಲಿನಿಂದ ಹುಯ್ದೆ.

"ಏಳು ಎಣಿಸುವಷ್ಟು ಹೊತ್ತು ಒಣಗಿತ್ತು" ಎಂದರು ಅಪ್ಪ. ನಾಲ್ಕು ದಿನಗಳ ಮೇಲೆ ನನಗೆ ನೇರವಾಗಿ ಹೇಳಿದ ಮೊದಲ ಮಾತು. ಮುಂದಿನ 250 ಗಂಟೆಗೆ ತಾವೇ ತುಂಬಿ ಕೂರಿಸಿ, ಎಷ್ಟಕ್ಕೆ ಆರುತ್ತದೆ ಎಂದು ನನ್ನಿಂದ ಎಣಿಸುತ್ತಾರಂತೆ. ಹೊಸ ಡಬ್ಬಿಯಿಂದ ನೇರವಾಗಿ ಹುಯ್ಯುವುದಾದರೆ ಆಗಲಿ ಎಂದೆ. ತಂಬಿಗೆಯನ್ನು ಅವ್ವ ಒಳಗೆ ಒಯ್ದು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಳೆ. ಅಪ್ಪ ಸುಟ್ಟ ಆಯಿಲನ್ನು ಗೆದ್ದಲು ಹಿಡಿದ ಕೊಟ್ಟಿಗೆಯ ಕಂಬಗಳಿಗೆ ಬಳಿಯುತ್ತಿದ್ದಾರೆ.

ಡಿಪೋ ನಿವೃತ್ತ

ತಂದೆಯವರಿಗೆ ನನ್ನ ನಮಸ್ಕಾರ ತಿಳಿಸು. ಡ್ರೈನ್ ಬೋಲ್ಟಿಗೆ ತಾಮ್ರದ ವಾಷರ್ ಹೊಸದು ಹಾಕಿದೆಯಾ?

ಕೆಂಪು ಟ್ರ್ಯಾಕ್ಟರ್, ಬ್ಯಾಡಗಿ ಕಡೆ

ಇಲ್ಲ ಕಾಕಾ. ಈಗ ಹೋಗಿ ನೋಡಿದೆ, ಒಂದು ಹನಿ ತೂಗುತ್ತಿದೆ.