ಪ್ರಶ್ನೋತ್ತರ: ಕೀಮೋ ಮುಗಿದ ಮೇಲಿನ ತೊಂದರೆಗಳು (ಮತ್ತು ಒಬ್ಬ ಸಂಶೋಧಕರ ಉದ್ದನೆ ಪಟ್ಟಿ)

ಅಡ್ಮಿನ್: ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರು, ಮನೆಯವರು ಇಲ್ಲಿ ಕೇಳಬಹುದು. ಆಂಕಾಲಜಿಸ್ಟ್ ಮೇಡಂ ಬಿಡುವಾದಾಗ ಉತ್ತರ ಕೊಡುತ್ತಾರೆ. ಫಾರ್ವರ್ಡ್ ಬೇಡ, ದಯವಿಟ್ಟು.

ನಳಿನಿ: ಮೇಡಂ, ಸ್ತನ ಕ್ಯಾನ್ಸರ್ ಮರಳದಿರಲಿ ಅಂತ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ಎಷ್ಟು ವರ್ಷ?

ಡಾಕ್ಟರ್: ಸಾಮಾನ್ಯವಾಗಿ 5, ಕೆಲವರಿಗೆ 10. ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ ಕಾಯಬೇಡಿ, ತೋರಿಸಿ.

ಪ್ರದೀಪ: ಸಿಸ್ಪ್ಲಾಟಿನ್ ಕೀಮೋ ಮುಗಿದು ವರ್ಷವಾಯಿತು. ಕಿವಿಯಲ್ಲಿ ಗುಂಯ್ ಅನ್ನೋದು ನಿಂತಿಲ್ಲ. ಪಾದ ಜೋಮು. ಹೆಸರುಗಳೂ ಮರೆತುಹೋಗುತ್ತವೆ.

ಡಾಕ್ಟರ್: ಕಿವಿ, ಪಾದ ಎರಡೂ ಆ ಔಷಧಿಯದೇ ಕೆಲಸ. ಕಿವಿ ಪರೀಕ್ಷೆ ಮಾಡಿಸಿ. ಬರಿಗಾಲಲ್ಲಿ ಓಡಾಡಬೇಡಿ, ಗಾಯವಾದರೂ ಗೊತ್ತಾಗಲ್ಲ.

ಪ್ರದೀಪ: ಮರೆವಿಗೆ?

ವಸುಧಾ: ಮೇಡಂ, ಅಮ್ಮನಿಗೆ 6 ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಕೆಂಪು ಬಣ್ಣದ ಕೀಮೋ ಕೊಟ್ಟಿದ್ದರು. ಈಗ ಒಂದು ತಿಂಗಳಿಂದ ವಿಪರೀತ ಸುಸ್ತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ದಿಂಬಿನ ಮೇಲೆ ದಿಂಬು ಇಟ್ಟುಕೊಳ್ಳುತ್ತಾರೆ. ಸಂಜೆ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿ ಹಿಡಿಯಲ್ಲ. ಯಾವುದೋ ಎಲೆಪುಡಿ ತಿನ್ನುತ್ತಿದ್ದಾರೆ. ಕೊಟ್ಟವರು "ಮೈ ಶುದ್ಧಿ ಆಗ್ತಿದೆ" ಅನ್ನುತ್ತಾರೆ. ಜೊತೆಗೆ ಬಂದ ಮೆಸೇಜಿನಲ್ಲಿ ಒಬ್ಬ ಸಂಶೋಧಕರ ಹೆಸರಿದೆ. ಹುಡುಕಿದರೆ ನೂರಕ್ಕೂ ಜಾಸ್ತಿ ಲೇಖನ ಸಿಕ್ಕವು. ಕೆಲವು ಕ್ಯಾನ್ಸರ್‌ನಿಂದ ಪಾರಾದವರ ಬಗ್ಗೆ, ಮಿಕ್ಕಿದ್ದೆಲ್ಲ ಜಲಚರ ವಿಷಶಾಸ್ತ್ರ, ಅಂದರೆ ನೀರಿಗೆ ಸೇರುವ ವಿಷ ಮೀನು ಮುಂತಾದವಕ್ಕೆ ಏನು ಮಾಡುತ್ತದೆ ಅನ್ನುವುದು. ನಂಬಬಹುದಾ? ಪಟ್ಟಿಯನ್ನೂ ಪುಡಿಯ ಲೇಖನವನ್ನೂ ಹಾಕಿದ್ದೇನೆ.

ಡಾಕ್ಟರ್: ವಸುಧಾ, ಮೊದಲು ಅಮ್ಮನ ವಿಷಯ. ಆ ಕೆಂಪು ಔಷಧಿ ಡಾಕ್ಸೊರುಬಿಸಿನ್ ಅಥವಾ ಅದರ ಜಾತಿಯದು ಇರಬೇಕು. ಅದು ಹೃದಯದ ಸ್ನಾಯುವಿಗೆ ಪೆಟ್ಟು ಕೊಡಬಹುದು. ಪೆಟ್ಟು ಎಷ್ಟೋ ವರ್ಷ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳುತ್ತದೆ. ಮಲಗಿದರೆ ಉಸಿರು ಕಟ್ಟುವುದು, ಪಾದ ಊದುವುದು ಶುದ್ಧಿ ಅಲ್ಲ. ಹೃದಯ ಸೋಲುತ್ತಿದೆಯಾ ಅಂತ ನೋಡಲೇಬೇಕಾದ ಲಕ್ಷಣ. ಇವತ್ತೇ ಕರೆದುಕೊಂಡು ಹೋಗಿ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಆಗಬೇಕು. ಒಟ್ಟು ಎಷ್ಟು ಡೋಸ್ ಹೋಗಿದೆ ಅನ್ನುವುದು ಹಳೇ ಡಿಸ್ಚಾರ್ಜ್ ಕಾಗದದಲ್ಲಿರುತ್ತದೆ, ಅದು ಕೈಯಲ್ಲಿರಲಿ. ಬೇಗ ಗೊತ್ತಾದರೆ ಒಳ್ಳೆಯ ಔಷಧಿಗಳಿವೆ. ಪುಡಿ ಇವತ್ತಿಂದಲೇ ನಿಲ್ಲಿಸಿ.

ಇನ್ನು ಪಟ್ಟಿ. ಎರಡೂ ಕ್ಷೇತ್ರದಲ್ಲಿ ಒಬ್ಬರೇ ಬರೆಯಬಾರದು ಅಂತೇನಿಲ್ಲ. ಸೈಕ್ಲೋಫಾಸ್ಫಮೈಡ್ ಅನ್ನುವ ಕೀಮೋ ಔಷಧಿ ಸ್ವಲ್ಪ ಭಾಗ ಹಾಗೇ ಮೂತ್ರದಲ್ಲಿ ಹೋಗುತ್ತದೆ, ಕೊಳಚೆ ನೀರಿನ ಘಟಕದಲ್ಲೂ ಸರಿಯಾಗಿ ನಾಶವಾಗಲ್ಲ. ಅದನ್ನು ಅಭ್ಯಾಸ ಮಾಡುವವರು ಎರಡೂ ಕಡೆ ಇರಬಹುದು. ಆದರೆ ಒಂದೇ ಹೆಸರಿನ ಇಬ್ಬರ ಲೇಖನಗಳು ಗೂಗಲ್ ಸ್ಕಾಲರ್‌ನಲ್ಲಿ ಕಲೆತುಹೋಗುವುದೂ ಉಂಟು. ಆರ್ಕಿಡ್ (ORCID) ಅಂತ ಒಬ್ಬೊಬ್ಬ ಸಂಶೋಧಕರಿಗೂ ಇರುವ 16 ಅಂಕಿಯ ಗುರುತು 2012ರಲ್ಲಿ ಶುರುವಾಗಿದ್ದೇ ಈ ಗೊಂದಲಕ್ಕೆ. ಅದನ್ನು ನೋಡಿ.

ನನಗೆ ಕುತೂಹಲ ಹುಟ್ಟಿಸಿದ್ದು ಪುಡಿಯ ಲೇಖನ. ಪೂರ್ತಿ ಓದಿದೆ. ಜೀಬ್ರಾಮೀನಿನ ಮೊಟ್ಟೆಗಳನ್ನು ಎಲೆಸಾರದಲ್ಲಿ 96 ಗಂಟೆ ಇಟ್ಟಿದ್ದಾರೆ. ಮೊಟ್ಟೆ ಬೆಳ್ಳಗೆ ಗಟ್ಟಿಯಾಯಿತಾ, ಬಾಲ ಬಿಡಿಸಿಕೊಂಡಿತಾ, ಎದೆ ಬಡಿಯುತ್ತಿದೆಯಾ ಅಂತ ನೋಡಿದ್ದಾರೆ. ಅಚ್ಚುಕಟ್ಟಾದ ಕೆಲಸ, ತಪ್ಪಿಲ್ಲ. ಎಷ್ಟು ಸಾಂದ್ರತೆಗೆ ಅರ್ಧ ಭ್ರೂಣ ಸಾಯುತ್ತವೆ ಅನ್ನುವುದು ಅವರ ಪ್ರಶ್ನೆ. ಕೀಮೋ ಆದ ಹೃದಯ ಇದನ್ನು ತಿಂಗಳುಗಟ್ಟಲೆ ತಡೆಯುತ್ತಾ ಅಂತ ಅವರು ಕೇಳಿಯೇ ಇಲ್ಲ. ಇನ್ನು ಪಾರಾದವರ ಬಗೆಗಿನ ಲೇಖನಗಳು: ಸುಸ್ತು, ನಿದ್ದೆಯ ಸಮೀಕ್ಷೆಗಳು. ಇವರ ಹೆಸರು ಹತ್ತಾರು ಹೆಸರುಗಳ ನಡುವೆ ಎಲ್ಲೋ ಇದೆ. ಪುಡಿಯ ಸುದ್ದಿ ಒಂದರಲ್ಲೂ ಇಲ್ಲ. ಪಾಪ, ತಮ್ಮ ಹೆಸರಲ್ಲಿ ಪುಡಿ ಹಂಚುತ್ತಿರುವುದು ಅವರಿಗೆ ಗೊತ್ತಿದೆಯೋ ಇಲ್ಲವೋ.

ಸಂಜೀವಿನಿ: ನೂರು ಲೇಖನ ಬರೆದವರಿಗಿಂತ ನೀವು ದೊಡ್ಡವರಾ ಮೇಡಂ? ಲಕ್ಷ್ಮಣಫಲದ ಎಲೆ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಮತ್ತೆ ಬಂತಾ ಇದು! ಅದು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶದ ಕಥೆ. ಆ ಎಲೆಯಲ್ಲಿರುವ ಅನ್ನೊನಾಸಿನ್ ಅನ್ನುವ ಅಂಶ ನರಕೋಶವನ್ನೂ ಕೊಲ್ಲುತ್ತದೆ. ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಕಷಾಯ ಬಳಸುತ್ತಿದ್ದವರಲ್ಲಿ ಪಾರ್ಕಿನ್ಸನ್ ಥರದ ಕಾಯಿಲೆ ಕಂಡುಬಂದಿದೆ ಅಂತ 1999ರಲ್ಲೇ ವರದಿಯಾಗಿದೆ. ಅದನ್ನೂ ಎಲ್ಲರಿಗೂ ಕಳಿಸಿ.

ಗಣಿತ ಮೇಷ್ಟ್ರು: ಮೀನಿನ ಸಂಶೋಧನೆ ಅಂದರೆ ಟೈಂಪಾಸ್ ಅಂತಾಯ್ತು.

ನೀಲಿಹಕ್ಕಿ: ಮೇಷ್ಟ್ರೇ, ಸುಮ್ನೆ ಏನೇನೋ ಹೇಳಬೇಡಿ. ಕೆನಡಾದಲ್ಲಿ 2001ರಿಂದ 2003ರವರೆಗೆ ಒಂದಿಡೀ ಸರೋವರಕ್ಕೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನ್ ಬೆರೆಸಿ ನೋಡಿದರು. ಲೀಟರಿಗೆ 5–6 ನ್ಯಾನೋಗ್ರಾಂ ಅಷ್ಟೇ. ಫ್ಯಾಟ್‌ಹೆಡ್ ಮಿನ್ನೋ ಮೀನು ಹೆಚ್ಚೂಕಡಿಮೆ ನಿರ್ನಾಮ. ಟೈಂಪಾಸಾ ಇದು?

ಗಣಿತ ಮೇಷ್ಟ್ರು: ಹಾಗಾದರೆ ನೀರು ಕುಡಿದರೆ ನಮಗೂ ಹಾಗೇ ಆಗಬೇಕಲ್ಲ?

ನೀಲಿಹಕ್ಕಿ: ನೀವು ಹಗಲೂ ರಾತ್ರಿ ನೀರೊಳಗೇ ಉಸಿರಾಡ್ತೀರಾ?

ಸಂಜೀವಿನಿ: ಇಬ್ಬರೂ ಔಷಧಿ ಕಂಪನಿ ಕಡೆಯವರು.

ಶೋಭಾ: ಟ್ಯಾಮಾಕ್ಸಿಫೆನ್ ಎಷ್ಟು ವರ್ಷ ತಗೋಬೇಕು ಮೇಡಂ?

ಡಾಕ್ಟರ್: ಮೇಲೆ ಓದಿ.

ಶೋಭಾ: ಕೇಳಿದ್ದೇ ತಪ್ಪಾಯ್ತಾ?

ನೀಲಿಹಕ್ಕಿ: ಕೀಮೋ ನಡೆಯುತ್ತಿರುವವರು ಮನೆಯಲ್ಲಿದ್ದರೆ ಶೌಚಾಲಯದಲ್ಲಿ ಏನು ಎಚ್ಚರಿಕೆ ಬೇಕು?

ಡಾಕ್ಟರ್: ಡೋಸ್ ಆದ ಮೇಲೆ 48 ಗಂಟೆ ಮುಚ್ಚಳ ಮುಚ್ಚಿ ಎರಡು ಸಲ ಫ್ಲಷ್. ವಾಂತಿ, ಮೂತ್ರ ತಾಗಿದ ಬಟ್ಟೆ ಬೇರೆಯಾಗಿ ಒಗೆಯಿರಿ, ಕೈಗವಸು ಹಾಕಿಕೊಳ್ಳಿ.

ಸಂಜೀವಿನಿ: ಇಷ್ಟು ವಿಷ ಅಂತ ಒಪ್ಪಿಕೊಂಡಿರಲ್ಲ. ಪುಡಿಯೇ ವಾಸಿ.

ಡಾಕ್ಟರ್: ವಿಷವೇ. ಅದಕ್ಕೇ ಮೈಯಳತೆ ನೋಡಿ, ಪ್ರತಿ ಸಲ ರಕ್ತ ಪರೀಕ್ಷೆ ಮಾಡಿ ಕೊಡುತ್ತೇವೆ. ನಿಮ್ಮ ಪುಡಿಯನ್ನು ಯಾರು ಅಳೆದರು? ಅಡ್ಮಿನ್, ಇವರನ್ನು ಸ್ವಲ್ಪ ನೋಡಿ.

ವಸುಧಾ: ಮೇಡಂ, ಎಕೋ ಆಯಿತು. ಹೃದಯದ ಪಂಪಿಂಗ್ ಕಮ್ಮಿಯಾಗಿದೆ ಅಂತ ಅಡ್ಮಿಟ್ ಮಾಡಿಕೊಂಡಿದ್ದಾರೆ. ಪುಡಿಯ ವಿಷಯ ಅಲ್ಲಿ ಹೇಳಬೇಕಾ? ಅಮ್ಮ ಬೇಡ ಅಂತಿದ್ದಾರೆ.

ಡಾಕ್ಟರ್: ಹೇಳಲೇಬೇಕು. ಪ್ಯಾಕೆಟ್ ಸಮೇತ ತೋರಿಸಿ.

ಪ್ರದೀಪ: ಮರೆವಿನ ಬಗ್ಗೆ ಕೇಳಿದ್ದೆ ಮೇಡಂ.