ಪೆಂಟಾಕ್ಸ್ ಕೆ1000: ಮೇಲಿನ ಮುಚ್ಚಳದ ಸ್ಕ್ರೂ ಬರ್ತಿಲ್ಲ, ತಲೆ ಸವೆಯುತ್ತಿದೆ

ಪ್ರಶ್ನೆ (ಜಯನಗರದಿಂದ)

ನಮಸ್ಕಾರ. ಅಪ್ಪನ ಹಳೆ ಫಿಲ್ಮ್ ಕ್ಯಾಮೆರಾ, ಕೆ1000, ಅಟ್ಟದಿಂದ ಇಳಿಸಿದ್ದೇನೆ. ಶಟರ್ ಚೆನ್ನಾಗಿದೆ, ಆದರೆ ಪ್ರಿಸಂ (ಕಣ್ಣಿಟ್ಟು ನೋಡುವ ಕಿಂಡಿಗೆ ಚಿತ್ರ ತೋರಿಸುವ ಗಾಜು) ಕೆಳಗೆ ಧೂಳು ಕೂತಿದೆ. ಒರೆಸೋಣ ಅಂತ ಮೊಬೈಲ್ ರಿಪೇರಿ ಕಿಟ್‌ನ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದೆ. ಎರಡು ಸ್ಕ್ರೂ ಬಂದವು. ಮೂರನೆಯದು ಜಾರುತ್ತಿದೆ, ಪ್ಲಸ್ ಗುರುತು ದುಂಡಗಾಗುತ್ತಾ ಬಂದಿದೆ. ಇನ್ನೂ ಜೋರಾಗಿ ತಿರುಗಿಸಲಾ, ಇಲ್ಲಾ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿಯಲಾ?

ಉತ್ತರ

ಪ್ಲೇಯರ್ ಬೇಡವೇ ಬೇಡ ಸರ್, ಅಲ್ಲಿಗೇ ನಿಲ್ಲಿಸಿ. ತಪ್ಪು ಸ್ಕ್ರೂದಲ್ಲ, ಡ್ರೈವರ್‌ದು. ನಮ್ಮಲ್ಲಿ ಸಿಗುವ ಸ್ಟಾರ್ ಡ್ರೈವರ್ ಬಹುಪಾಲು ಫಿಲಿಪ್ಸ್ ಎಂಬ ನಮೂನೆಯದು. ಜಪಾನಿನ ಹಳೆ ಕ್ಯಾಮೆರಾಗಳಲ್ಲಿ ಇರುವುದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಸ್ಕ್ರೂ. ನೋಡಲು ಎರಡೂ ಒಂದೇ ತರಹ, ಆದರೆ ಫಿಲಿಪ್ಸ್ ತುದಿ ಜೆಐಎಸ್ ಗುಳಿಯ ತಳಕ್ಕೆ ಇಳಿಯುವುದಿಲ್ಲ, ಮೇಲೇ ನಿಂತುಬಿಡುತ್ತದೆ, ಬಲ ಹಾಕಿದರೆ ಜಾರಿ ಮೇಲೆದ್ದು ಅಂಚನ್ನು ಕೆರೆದು ಹಾಕುತ್ತದೆ. ವೆಸೆಲ್‌ನಂತಹ ಜಪಾನಿ ಕಂಪನಿಯ ಜೆಐಎಸ್ ಡ್ರೈವರ್ ಆನ್‌ಲೈನಲ್ಲಿ ತರಿಸಿ. 0 ಮತ್ತು 00 ಸೈಜ್ ಎರಡಿದ್ದರೆ ಸದ್ಯಕ್ಕೆ ಸಾಕು.

ಹಳೆ ಸ್ಕ್ರೂಗಳು ಸಡಿಲವಾಗದಂತೆ ಎಷ್ಟೋ ಸಲ ಲ್ಯಾಕರ್ (ವಾರ್ನಿಷ್ ತರಹದ್ದು) ಹಾಕಿ ಕೂರಿಸಿರುತ್ತಾರೆ, ಬಿಸಿ ತಾಗಿದರೆ ಅದು ಮೆತ್ತಗಾಗುತ್ತದೆ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಹತ್ತು ಸೆಕೆಂಡ್ ಮುಟ್ಟಿಸಿ. ಸುತ್ತಲಿನ ಬಣ್ಣಕ್ಕೆ ತಾಗಬಾರದು. ಆಮೇಲೆ ಡ್ರೈವರ್ ನೆಟ್ಟಗೆ ನಿಲ್ಲಿಸಿ, ಒತ್ತುವುದು ಜಾಸ್ತಿ, ತಿರುಗಿಸುವುದು ಕಡಿಮೆ. ಆಗಲೂ ಜಾರಿದರೆ ಜೆ.ಸಿ. ರಸ್ತೆಯ ಗಾಡಿ ಸಾಮಾನಿನ ಅಂಗಡಿಯಲ್ಲಿ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸಿಗುತ್ತದೆ, ತುದಿಗೆ ಸಾಸಿವೆಯಷ್ಟು ಹಚ್ಚಿ. ಅದರ ಪುಡಿ ಹಿಡಿತ ಕೊಡುತ್ತದೆ. ಆದರೆ ಒಂದು ಕಣವೂ ಒಳಗೆ ಬೀಳದಂತೆ ಒರೆಸಿ ತೆಗೆಯಬೇಕು. ತುಕ್ಕು ಬಿಡಿಸುವ ಸ್ಪ್ರೇ ಮಾತ್ರ ಹೊಡೆಯಬೇಡಿ. ಆ ಎಣ್ಣೆ ಹರಿದು ಎಲ್ಲೆಲ್ಲೋ ಸೇರಿಕೊಂಡರೆ ಚೆನ್ನಾಗಿರುವ ಶಟರ್ ಕೂಡ ಕೈಕೊಡುತ್ತದೆ.

ಇನ್ನೊಂದು ಮಾತು. ಬಿಚ್ಚಿದ ಸ್ಕ್ರೂಗಳನ್ನು ಪಡ್ಡು ಹಂಚಿನ ಗುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಹಾಕಿಡಿ. ಇಡ್ಲಿ ತಟ್ಟೆಯಲ್ಲಿ ತೂತಿರುತ್ತದೆ, ಆಗಲ್ಲ. ಒಂದೇ ತರಹ ಕಾಣುವ ಸ್ಕ್ರೂಗಳ ಉದ್ದ ಬೇರೆ ಬೇರೆ ಇರಬಹುದು. ಉದ್ದದ್ದು ತಪ್ಪು ಜಾಗಕ್ಕೆ ಹೋದರೆ ಒಳಗಿನ ಭಾಗಕ್ಕೆ ಚುಚ್ಚುತ್ತದೆ.

ಪ್ರಶ್ನೆ ಕೇಳಿದವರು

ಬಂತು ಸರ್! ಡ್ರೈವರ್ ನಿನ್ನೆ ಕೈ ಸೇರಿತು. ತುದಿ ಗುಳಿಯೊಳಗೆ ಕೂತಾಗಲೇ ವ್ಯತ್ಯಾಸ ಗೊತ್ತಾಯಿತು, ಸ್ವಲ್ಪವೂ ಅಲ್ಲಾಡಲಿಲ್ಲ. ಬಿಸಿ ಮುಟ್ಟಿಸಿ ಒತ್ತಿ ತಿರುಗಿಸಿದೆ, ಟಕ್ ಅಂತ ಬಿಟ್ಟುಕೊಂಡಿತು. ಸ್ಕ್ರೂವಿನ ಸುರುಳಿ ಗೆರೆಗಳಲ್ಲಿ ಕೆಂಪು ಲ್ಯಾಕರ್ ಇನ್ನೂ ಅಂಟಿಕೊಂಡಿದೆ. ಪೇಸ್ಟ್ ಬೇಕಾಗಲೇ ಇಲ್ಲ. ಈಗ ಹಿಂಬಾಗಿಲ ಸಂದಿನ ಕಪ್ಪು ಫೋಮ್ ಮುಟ್ಟಿದರೆ ಡಾಂಬರಿನ ಹಾಗೆ ಅಂಟುತ್ತಿದೆ, ಏನು ಮಾಡಲಿ?

ಉತ್ತರ

ತುಂಬಾ ಖುಷಿಯಾಯಿತು. ಅದಕ್ಕೆ ಎಸ್.ಪಿ. ರಸ್ತೆಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ತಗೊಳ್ಳಿ. ಊದುಬತ್ತಿ ಕಡ್ಡಿಯನ್ನು ಚಪ್ಪಟೆಯಾಗಿ ಹೆರೆದು, ಅದ್ದಿ, ಮೆಲ್ಲಗೆ ಕೆರೆಯಿರಿ. ಲೋಹದ್ದು ಬೇಡ. ಶಟರ್ ಪರದೆಯ ಮೇಲೆ ಮೊದಲು ಕಾಗದ ಮುಚ್ಚಿ, ಚೂರು ಬೀಳುತ್ತದೆ.